ಹಳಿ ಕಿತ್ತ ದಾರಿ

ಟಾರ್ಲಿ ಕ್ರೀಕ್, ಗಿಪ್ಸ್‌ಲ್ಯಾಂಡ್
ಏಪ್ರಿಲ್ 27, ಭಾನುವಾರ

ಪ್ರೀತಿಯ ಕಾಲಿನ್,

ಕ್ರಿಸ್‌ಮಸ್‌ಗೆ ನೀನು ಕಳಿಸಿದ ಕಾರ್ಡು ಸರಿಯಾದ ಸಮಯಕ್ಕೇ ಬಂದಿತ್ತು. ಉತ್ತರ ಬರೆಯಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಹಸುಗಳು ಕರು ಹಾಕುವ ಕಾಲ, ಪುರುಸೊತ್ತಿರಲಿಲ್ಲ ಎಂದು ಬರೆಯಬಹುದಿತ್ತು. ಆದರೆ ಮದುವೆಯಾಗಿ ಬಂದ ಮೇಲೆ ಮೂವತ್ತೈದು ವರ್ಷ ಈ ಕಣಿವೆಯಲ್ಲಿ ಬಾಳಿದವನು ನೀನು, ನನ್ನ ಹಸುಗಳು ಯಾವ ತಿಂಗಳಲ್ಲಿ ಕರು ಹಾಕುತ್ತವೆ ಎಂದು ನಿನಗೆ ಗೊತ್ತು. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹರಿದು ಒಲೆಗೆ ಹಾಕಿದೆ. ಕ್ಷಮಿಸು.

ಡೆವನ್‌ಪೋರ್ಟಿನ ಸಮುದ್ರದ ಗಾಳಿ ನಿನ್ನ ಎದೆಗೆ ಒಗ್ಗಿತೇ? ಸಾಮಿಲ್ಲಿನ ಮರದ ಪುಡಿ ಕುಡಿದ ಶ್ವಾಸಕೋಶಕ್ಕೆ ಅದೇ ಔಷಧ ಎಂದು ನಿನ್ನ ತಂಗಿ ಹೇಳುತ್ತಿದ್ದಳಲ್ಲ. ಅವಳನ್ನು ಕೇಳಿದೆನೆಂದು ಹೇಳು. ಇಲ್ಲಿ ನಾನು ಗಟ್ಟಿಯಾಗಿಯೇ ಇದ್ದೇನೆ. ಮೊಣಕಾಲು ಮಾತ್ರ ಬೆಳಿಗ್ಗೆ ಎದ್ದ ತಕ್ಷಣ ಮಾತು ಕೇಳುವುದಿಲ್ಲ. ಅರ್ಧದಷ್ಟು ಹಸುಗಳನ್ನು ಮಾರಿದೆ.

ದೊಡ್ಡ ಸುದ್ದಿಯೆಂದರೆ ಹಳಿ ಕಿತ್ತ ಹಳೆಯ ರೈಲು ದಾರಿ ಕೊನೆಗೂ ಜನರಿಗೆ ತೆರೆಯಿತು. ಟಾರ್ಲಿ ಸೇತುವೆಯಿಂದ ಡನ್‌ಮ್ಯಾಲೋ ಸ್ಟೇಷನ್ನಿನವರೆಗೆ, ಅಲ್ಲಿಂದ ಆಚೆಯ ಕಣಿವೆಗೂ, ಒಟ್ಟು ಮೂವತ್ತೆಂಟು ಕಿಲೋಮೀಟರ್. ನನ್ನ ಅಪ್ಪ ಗ್ಯಾಂಗಿನವರನ್ನು ಕಟ್ಟಿಕೊಂಡು ಹಳಿ ಬಿಗಿಮಾಡುತ್ತಾ ನಡೆದಿದ್ದ ಜಾಗದಲ್ಲೆಲ್ಲ ಈಗ ಸಣ್ಣ ಜಲ್ಲಿ ಹಾಸಿ, ನೀರು ಹಾಕಿ, ರೋಲರ್ ಹೊಡೆದಿದ್ದಾರೆ. ಮೋಟಾರು ಗಾಡಿ ಯಾವುದೂ ಬರುವಂತಿಲ್ಲ. ಸೈಕಲ್ಲು, ಕುದುರೆ, ನಡೆಯುವವರು ಅಷ್ಟೆ. ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅಗ್ನಿಶಾಮಕ ದಳದ ಬೆವನ್ ಹಳೆಯ ಪ್ಲಾಟ್‌ಫಾರ್ಮಿನ ಮೇಲೆ ಸಾಸೇಜು ಸುಡುತ್ತಾ ನಿಂತಿದ್ದ. ನಾನು ಸೈಕಲ್ ತಳ್ಳಿಕೊಂಡು ಬಂದದ್ದನ್ನು ನೋಡಿ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟೇಬಿಟ್ಟ.

"ಏನಮ್ಮಾ ವರ್ನಾ, ಸೈಕಲ್ ಹತ್ಬಿಟ್ಯಾ! ನಿನ್ ಹಸುಗಳಿಗೆ ಗೊತ್ತಾ ಈ ವಿಷ್ಯ?"

"ಅವುಗಳ್ ಪರ್ಮಿಶನ್ ತಗೊಂಡೇ ಬಂದಿದೀನಿ. ನಿನ್ ಈರುಳ್ಳಿ ಸೀದುಹೋಗ್ತಿದೆ ನೋಡ್ಕೋ" ಎಂದೆ.

ಸುತ್ತ ನಿಂತವರು ನಕ್ಕರು. ನಗುವುದಕ್ಕೆ ಕಾರಣವೂ ಇತ್ತು. ಐದು ವರ್ಷ ಈ ದಾರಿಯನ್ನು ತಡೆದವಳು ನಾನೇ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಬೇಲಿ ಮುರಿಯುತ್ತಾರೆ, ನಾಯಿ ಬಿಡುತ್ತಾರೆ, ಬೇಸಿಗೆಯಲ್ಲಿ ಸಿಗರೇಟು ಎಸೆದು ಕಣಿವೆಗೇ ಬೆಂಕಿ ಹಚ್ಚುತ್ತಾರೆ ಎಂದು ಸಭೆ ಸಭೆಯಲ್ಲೂ ಎದ್ದು ನಿಂತು ಕೂಗಿದವಳು. ಆ ಜಮೀನು ನನ್ನದಲ್ಲ, ಸರ್ಕಾರದ್ದು. ಹಸು ಮೇಯಿಸಲು ಗುತ್ತಿಗೆಗೆ ಹಿಡಿದದ್ದು ಮಾತ್ರ ನಾನು. ಆದರೂ ಅಪ್ಪನ ಬೆವರು ಬಿದ್ದ ನೆಲ, ಅದರ ಮೇಲೆ ಪಟ್ಟಣದವರು ಬಣ್ಣದ ಚಡ್ಡಿ ಹಾಕಿಕೊಂಡು ಮೆರೆಯುವುದೇ ಎಂದು ನನ್ನ ಹಟ. ನಿನ್ನ ರೋಸ್ಲಿನ್ ಆ ಸಭೆಗಳಲ್ಲಿ ಎದುರು ಸಾಲಿನಲ್ಲಿ ಕೂರುತ್ತಿದ್ದಳು, ದಾರಿ ಬೇಕು ಎನ್ನುವವರ ಕಡೆ. ಸಭೆ ಮುಗಿದ ಮೇಲೆ ನನ್ನ ಪಕ್ಕಕ್ಕೆ ಬಂದು, "ಗಂಟಲು ಒಣಗಿರ್ಬೇಕು, ಬಾರೇ, ಟೀ ಕುಡಿಯೋಣ" ಎನ್ನುತ್ತಿದ್ದಳು. ಐದನೇ ವಯಸ್ಸಿನಿಂದ ಒಂದೇ ಬೆಂಚಿನಲ್ಲಿ ಕೂತವರು ನಾವು.

ಅವಳು ಹೋದ ಆರು ವಾರಕ್ಕೆ ನಾನು ಗುತ್ತಿಗೆ ಬಿಟ್ಟುಕೊಟ್ಟು ಸಹಿ ಹಾಕಿದೆ. ಗೆಳತಿಯ ಸಾವಿಗೆ ವರ್ನಾಳ ಮನಸ್ಸು ಕರಗಿತು ಎಂದು ಊರು ಮಾತಾಡಿಕೊಂಡಿತು. ಜಿಲ್ಲೆಯ ಪತ್ರಿಕೆಯಲ್ಲೂ ಹಾಗೇ ಬಂತು. ಅದನ್ನು ನಾನು ತಿದ್ದಲಿಲ್ಲ.

ಉದ್ಘಾಟನೆಯ ದಿನ ನಾನು ಸವಾರಿ ಮಾಡಲಿಲ್ಲ, ಜನ ನೋಡುತ್ತಾರೆಂದು. ಮರುದಿನ ಹಾಲು ಕರೆದು ಮುಗಿಸಿ ಒಬ್ಬಳೇ ಹೊರಟೆ. ಸೈಕಲ್ ಹತ್ತಿ ನಲವತ್ತು ವರ್ಷವಾಗಿತ್ತು. ಮೊದಲ ಕಿಲೋಮೀಟರಿನಲ್ಲಿ ಎರಡು ಸಲ ಪೊದೆಗೆ ನುಗ್ಗಿದೆ. ಆಮೇಲೆ ಮೈಗೆ ನೆನಪಾಯಿತು. ರೈಲಿಗಾಗಿ ಮಾಡಿದ ದಾರಿಯಲ್ಲವೇ, ಏರು ಇದ್ದರೂ ಏರೆಂದು ಗೊತ್ತಾಗುವುದಿಲ್ಲ. ಕಾಲು ಸ್ವಲ್ಪ ಭಾರವಾಗುತ್ತದೆ, ಅಷ್ಟೆ. ಚಕ್ರದ ಕೆಳಗೆ ಜಲ್ಲಿ ಕರಕರ ಎನ್ನುವ ಸದ್ದು ಬಿಟ್ಟರೆ ಮ್ಯಾಗ್‌ಪೈ ಹಕ್ಕಿಗಳ ಕೂಗು. ಗುಡ್ಡ ಕಡಿದ ಜಾಗದಲ್ಲಿ ಎರಡೂ ಕಡೆಯ ಬಂಡೆಗಳಿಂದ ನೀರು ಜಿನುಗಿ ತಂಪು ಹೊಡೆಯುತ್ತಿತ್ತು. ಹುಟ್ಟಿದಾರಭ್ಯ ನೋಡಿದ ಕಣಿವೆ, ಆದರೆ ಅದನ್ನು ಸೈಕಲ್ಲಿನ ಮೇಲಿಂದ, ಆ ವೇಗದಲ್ಲಿ ನೋಡಿರಲೇ ಇಲ್ಲ. ಇದನ್ನೇ ರೋಸ್ಲಿನ್ ಬೇಕೆಂದದ್ದು, ಬೇರೇನನ್ನೂ ಅಲ್ಲ. ಕಟ್ಟಿಗೆಯ ಸೇತುವೆಯ ಮೇಲೆ ನಿಂತು ಬಹಳ ಹೊತ್ತು ಅತ್ತೆ.

ಆಗ ಹಿಂದಿನಿಂದ ಒಬ್ಬ ಹೆಂಗಸು ಬಂದಳು. ಸೈಕಲ್ಲಿನ ಹಿಂದೆ ಚಿಕ್ಕ ಗಾಡಿ ಕಟ್ಟಿಕೊಂಡಿದ್ದಳು, ಒಳಗೆ ಎರಡು ಮಕ್ಕಳು ನಿದ್ದೆಹೋಗಿದ್ದವು. ಮೆಲ್ಬರ್ನಿನವಳಂತೆ.

"ಹುಷಾರಾಗಿದೀರಾ ಅಜ್ಜಿ? ನೀರು ಕೊಡ್ಲಾ?" ಎಂದಳು.

"ಬೇಡಮ್ಮ, ಗಾಳಿಗೆ ಕಣ್ಣಲ್ಲಿ ನೀರು ಬರ್ತಿದೆ."

"ಎಂಥ ಜಾಗ ಅಲ್ವಾ! ಲಾರಿ ಭಯ ಇಲ್ದೆ ಮಕ್ಕಳನ್ನ ಕರ್ಕೊಂಡು ಬರ್ಬಹುದು. ಇದಕ್ಕೆ ಜಮೀನು ಬಿಟ್ಕೊಟ್ಟೋರು ಯಾರೋ ಒಳ್ಳೇ ಮನಸ್ಸಿನೋರು ಇರ್ಬೇಕು."

"ಅದು ಸರ್ಕಾರದ ಜಮೀನು. ಯಾರೂ ಬಿಟ್ಕೊಟ್ಟಿದ್ದಲ್ಲ" ಎಂದೆ. ನನ್ನ ಧ್ವನಿ ಒರಟಾಗಿತ್ತೇನೋ, ಅವಳು ಪಾಪ ಪೆಡಲ್ ತುಳಿದು ಮುಂದೆ ಹೋದಳು.

ಅಂದಿನಿಂದ ದಿನಾ ಹೋಗುತ್ತೇನೆ. ಗಾಳಿಗೆ ಮುರಿದ ಕೊಂಬೆ ಎಳೆದುಹಾಕುತ್ತೇನೆ, ವಾಂಬ್ಯಾಟ್‌ಗಳು ಬಿಲಕ್ಕೆಂದು ತೋಡಿದ ಗುಂಡಿಗೆ ಜಲ್ಲಿ ತುಂಬುತ್ತೇನೆ. ದಾರಿಯ ಸಮಿತಿಗೆ ಈಗ ಮರ್ಲೀನ್ ಅಧ್ಯಕ್ಷೆ, ಗ್ರಂಥಾಲಯ ನೋಡಿಕೊಳ್ಳುತ್ತಿದ್ದಳಲ್ಲ, ಅವಳೇ. ನಾನು ಈ ಪತ್ರ ಬರೆಯಲೇಬೇಕಾದದ್ದು ಅವಳಿಂದ. ಆಸ್ಪತ್ರೆಯ ಹಿಂಭಾಗದಲ್ಲಿ, ದಾರಿ ತಿರುಗುವಲ್ಲಿ, ಒಂದು ಬೆಂಚು ಹಾಕಿ ರೋಸ್ಲಿನ್ ಹೆಸರು ಕೆತ್ತಿಸಬೇಕೆಂದು ಅವರ ಆಸೆ. ಇಪ್ಪತ್ತೆಂಟು ವರ್ಷ ನರ್ಸಾಗಿ ಅವಳು ಕೆಲಸ ಮಾಡಿದ ಆಸ್ಪತ್ರೆಯ ಕಿಟಕಿಗಳಿಗೆ ಅದು ಕಾಣುತ್ತದೆ. ನಿನ್ನ ಒಪ್ಪಿಗೆ ಬೇಕು. ಆಮೇಲೆ ಮರ್ಲೀನ್ ನನ್ನ ಕೈ ಹಿಡಿದುಕೊಂಡು, "ಆ ದಿನ ನೀನೇ ಮಾತಾಡ್ಬೇಕು ವರ್ನಾ. ಅವಳನ್ನ ನಿನ್ನಷ್ಟು ಹಚ್ಕೊಂಡಿದ್ದೋರು ಯಾರಿದಾರೆ ಹೇಳು?" ಎಂದಳು. ನೋಡೋಣ ಎಂದೆ. ಎರಡು ವಾರದಿಂದ ನನಗೆ ಊಟ ಸೇರುತ್ತಿಲ್ಲ.

ಈಗ ನಿನ್ನ ಕಾರ್ಡಿನ ವಿಷಯ. ಕೊನೆಯಲ್ಲಿ ನೀನು ಬರೆದ ಒಂದು ಸಾಲು: "ಈಗಲೂ ಐದಕ್ಕೆ ಎಚ್ಚರವಾಗುತ್ತೆ, ಆವತ್ತು ಪಿಕಪ್ ಅವಳಿಗೇ ಬಿಟ್ಟು ಹೋಗಬೇಕಿತ್ತು ಅನಿಸುತ್ತೆ." ಮಣ್ಣು ಮಾಡಿ ಬಂದ ದಿನವೂ ನೀನು ನಮ್ಮ ಅಡುಗೆಮನೆಯಲ್ಲಿ ಕೂತು ಇದನ್ನೇ ಹೇಳಿದ್ದೆ. ಆ ಮಾತನ್ನು ಹೊತ್ತುಕೊಂಡೇ ಮನೆ ಮಾರಿ ಸಮುದ್ರ ದಾಟಿ ಹೋದೆ. ಕಾಲಿನ್, ಸಾಮಿಲ್ಲಿಗೆ ಬೆಳಿಗ್ಗೆ ಐದಕ್ಕೆ ಹೊರಡುವವನು ಗಾಡಿ ಒಯ್ಯಲೇಬೇಕು. ಅವಳೂ ಅದನ್ನು ಒಪ್ಪಿಯೇ ಆಸ್ಪತ್ರೆಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದಳು. ಸೈಕಲ್ ಎಂದರೆ ಅವಳಿಗೆ ಪ್ರಾಣ. ತಪ್ಪು ನಿನ್ನದಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ತಿಳಿದು ಹೇಳುತ್ತಿದ್ದೇನೆ.

ಮರ್ಲೀನ್‌ಗೆ ಇನ್ನೂ ಏನೂ ಹೇಳಿಲ್ಲ. ಮೊದಲು ನೀನು ಓದಬೇಕು. ಬೆಂಚಿನ ಬಗ್ಗೆ ನಿನ್ನ ಉತ್ತರವನ್ನು ನೇರವಾಗಿ ಅವಳಿಗೇ ಬರೆ, ನನಗೆ ಬರೆಯಬೇಕೆಂದಿಲ್ಲ. ಆ ದಿನ ನಾನು ಅಲ್ಲಿರಬಾರದು ಎಂದು ನಿನಗನಿಸಿದರೆ ಅದನ್ನೂ ಅವಳಿಗೇ ತಿಳಿಸು.

ನಿನ್ನ ಉಸಿರು ಹಗುರಾಗಲಿ. ಐದಕ್ಕೆ ಎಚ್ಚರವಾದರೂ ಮತ್ತೆ ನಿದ್ದೆ ಬರಲಿ. ದೇವರು ನಿನ್ನನ್ನು ನೋಡಿಕೊಳ್ಳಲಿ.

ನಿನ್ನ ಹಳೆಯ ನೆರೆಯವಳು,
ವರ್ನಾ ಪೆಂಗೆಲಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅವಳು ತೀರಿಕೊಂಡ ವಾರದ ಮಂಗಳವಾರ ಮಧ್ಯಾಹ್ನ ರೋಸ್ಲಿನ್ ನಮ್ಮ ಮನೆಗೆ ಬಂದಿದ್ದಳು. ನಾನು ಹಾಲಿನ ಡಬ್ಬಿ ತೊಳೆಯುತ್ತಿದ್ದೆ. "ವರ್ನಾ, ಮಂಜು ವಿಪರೀತ ಆಗಿದೆ ಕಣೇ. ಆ ತಿರುವುಗಳಲ್ಲಿ ದಿಮ್ಮಿ ಲಾರಿಗಳಿಗೆ ನಾನು ಕಾಣೋದೇ ಇಲ್ಲ. ನಿನ್ ಹಳೇ ರೈಲು ದಾರಿ ಮೇಲೆ ಸೇತುವೆಯಿಂದ ಆಸ್ಪತ್ರೆ ಹಿಂದಕ್ಕೆ ಐದು ಕಿಲೋಮೀಟರ್, ನೀನೇ ದಿನಾ ಗಾಡಿ ಓಡಿಸ್ತೀಯ. ಚಳಿಗಾಲ ಮುಗಿಯೋವರೆಗೆ ನಂಗೊಬ್ಬಳಿಗೆ ಗೇಟಿನ ಬೀಗ ತೆಗೆದಿಡ್ತೀಯಾ? ಎಲ್ಲಾ ಗೇಟೂ ಹಾಕ್ಕೊಂಡೇ ಹೋಗ್ತೀನಿ" ಎಂದಳು.

ನಾನು ತಲೆ ಎತ್ತಲೂ ಇಲ್ಲ. "ಇವತ್ತು ನಿಂಗೆ ತೆಗೆದ್ರೆ ನಾಳೆ ಸಭೇಲಿ ವರ್ನಾ ಒಪ್ಕೊಂಡ್ಲು ಅಂತೀರ. ಆಗಲ್ಲ" ಎಂದೆ. ಅವಳು ನಕ್ಕಳು. "ಹೋಗ್ಲಿ ಬಿಡು, ಹಟಮಾರಿ" ಎಂದು ನನ್ನ ಒದ್ದೆ ತೋಳಿನ ಮೇಲೆ ತಟ್ಟಿ ಹೋದಳು. ಶುಕ್ರವಾರ ಬೆಳಿಗ್ಗೆ ಅದೇ ತಿರುವಿನಲ್ಲಿ ಲಾರಿ.

ಇದನ್ನು ಅವಳು ನಿನಗೆ ಹೇಳಿರಲಿಲ್ಲ. ನನ್ನನ್ನು ಬಿಟ್ಟುಕೊಡಬಾರದು ಎಂದೇ ಹೇಳಿರಲಿಲ್ಲ. ಸಾವಿನ ವಿಚಾರಣೆಯಲ್ಲಿ ಅಧಿಕಾರಿ ಕೇಳಿದರಲ್ಲ, ಅಂಥ ಮಂಜಿನಲ್ಲಿ ಆಕೆ ಆ ರಸ್ತೆಯಲ್ಲೇ ಯಾಕೆ ಹೋದರು ಎಂದು. ನೀನು ಎದ್ದು ನಿಂತು, "ಬೇರೆ ದಾರಿ ಇರ್ಲಿಲ್ಲ ಸ್ವಾಮಿ" ಎಂದೆ. ನಾನು ನಿನ್ನ ಹಿಂದಿನ ಸಾಲಿನಲ್ಲಿ, ನಿನ್ನ ಕೋಟು ಹಿಡಿದುಕೊಂಡು ಕೂತಿದ್ದೆ.

ಇತ್ತು, ಕಾಲಿನ್. ನಾನು ಕೊಡಲಿಲ್ಲ.