ನಮ್ಮ ಓಣಿಯ ಲುಂಪಿಯಾ ಕೆಡಿಸಿದ ಹಿತ್ತಾಳೆ ಫಲಕ

ಮಾನ್ಯರೇ,

ಮನಿಲಾ ನಗರದ ಪಾರಂಪರಿಕ ತಿನಿಸುಗಳ ಕಚೇರಿಯ ಮುಖ್ಯಾಧಿಕಾರಿಗಳಾದ ತಮ್ಮ ಮೇಲೆ ನನ್ನದೊಂದು ದೂರಿದೆ. ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ತಾವು ಬಿನೊಂಡೊದ ನಮ್ಮ ಓಣಿಗೆ ಒಂದು ಹಿತ್ತಾಳೆ ಫಲಕವನ್ನು ದಯಪಾಲಿಸಿದಿರಿ. ಅಂದಿನಿಂದ ಹತ್ತು ವಾರ ಇಲ್ಲಿ ಬಾಯಿಗಿಡುವಂಥ ಒಂದೇ ಒಂದು ಲುಂಪಿಯಾ ಸಿಗಲಿಲ್ಲ. ಈಗ ಹೇಗೋ ಮತ್ತೆ ಸಿಗತೊಡಗಿದೆ. ಸಿಗತೊಡಗಿದ್ದಕ್ಕೆ ತಾವು ನೋಟಿಸು ಕಳಿಸಿದ್ದೀರಿ.

ತಮ್ಮ ಕಾಳಜಿಯ ಬಗ್ಗೆ ನನಗೆ ಸಂಶಯವಿಲ್ಲ. ಈ ಚೀನೀ ಕೇರಿ ನಾನೂರು ವರ್ಷಗಳಲ್ಲಿ ಬೆಂಕಿ, ಭೂಕಂಪ, ಯುದ್ಧ ಎಲ್ಲವನ್ನೂ ದಾಟಿ ಬಂದಿದೆ, ತಮ್ಮ ಕಾಳಜಿಯನ್ನೂ ದಾಟೀತು. ತಾವು ಅಚ್ಚು ಹಾಕಿಸಿದ ಬಣ್ಣದ ನಕ್ಷೆಯೂ ಚೆನ್ನಾಗಿದೆ. ಅದನ್ನು ಹಿಡಿದು ಬಂದವರು ಹಬೆಯ ಸಿಯೊಪಾವ್ ಬನ್ನು ಎಲ್ಲಿ, ಹೆಸರುಬೇಳೆ ಹೂರಣದ ಹೋಪಿಯಾ ಎಲ್ಲಿ ಎಂದು ನನ್ನನ್ನೇ ಕೇಳುತ್ತಾರೆ, ಏಕೆಂದರೆ ನಕ್ಷೆಯಲ್ಲಿ ಕಾಲುವೆ ಇರಬೇಕಾದ ಕಡೆ ಇಗರ್ಜಿ ಇದೆ. ಅದಿರಲಿ, ಹಸಿದವನಿಗೆ ದಾರಿ ತಾನಾಗಿ ಸಿಗುತ್ತದೆ. ನನ್ನ ತಕರಾರು ನಕ್ಷೆಯದಲ್ಲ, ಫಲಕದ್ದು. ಅದರಲ್ಲಿ ಕೆತ್ತಿರುವುದು ಇಷ್ಟೇ: ‘ಮೂಲ ಲುಂಪಿಯಾ ಇಲ್ಲಿ ಮಾತ್ರ.’

ನಮ್ಮ ಓಣಿಯಲ್ಲಿ ಎದುರುಬದುರಾಗಿ ಎರಡು ಲುಂಪಿಯಾ ಅಂಗಡಿಗಳಿವೆ. ನಡುವೆ ಎಂಟು ಹೆಜ್ಜೆ. ಒಂದು ನೀಡಾ ಆಚಿಯದು, ಇನ್ನೊಂದು ಪೂರಿಂಗ್ ಆಚಿಯದು. ಇಡೀ ಕೇರಿಗೆ ಅಕ್ಕಂದಿರಾದ ಇವರು ತಮ್ಮೊಳಗೆ ವಾರಗಿತ್ತಿಯರು. ಕೋ ಮನೆತನದ ಅಣ್ಣನನ್ನು ನೀಡಾ ಆಚಿ ಮದುವೆಯಾದರು, ತಮ್ಮನನ್ನು ಪೂರಿಂಗ್ ಆಚಿ. ಅಣ್ಣತಮ್ಮಂದಿರಿಬ್ಬರೂ ಈಗಿಲ್ಲ. ಲುಂಪಿಯಾ ಅವರ ಅತ್ತೆಯದು. ಆ ತಾಯಿ ಹಿರಿಯ ಸೊಸೆಗೆ ಒಳಗಿನ ಪಲ್ಯ ಕಲಿಸಿದರು, ಕಿರಿಯ ಸೊಸೆಗೆ ಅದನ್ನು ಸುತ್ತುವ ಹೊರಗಿನ ಹಿಟ್ಟಿನ ಹಾಳೆ. ಕಾರಣ ಕೇಳಿದ್ದಕ್ಕೆ, “ಇಬ್ರಿಗೂ ಎರಡೂ ಕಲಿಸಿದ್ರೆ ನಾನು ಸತ್ತ ಮಾರನೇ ದಿನ ಒಬ್ಬೊಬ್ರು ಒಂದೊಂದು ದಿಕ್ಕು ಹಿಡೀತೀರಿ” ಎಂದಿದ್ದರಂತೆ.

ಆ ತಾಯಿಗೆ ಸೊಸೆಯರ ಗುಣ ಗೊತ್ತಿತ್ತು. ಮೂವತ್ತೊಂದು ವರ್ಷ ಇಬ್ಬರಿಗೂ ಮಾತಿರಲಿಲ್ಲ. ಜಗಳ ಯಾವ ಕಾರಣಕ್ಕೆ ಶುರುವಾಯಿತೆಂಬುದು ಇಬ್ಬರಿಗೂ ನೆನಪಿಲ್ಲ, ತಪ್ಪು ಯಾರದೆಂಬುದು ಮಾತ್ರ ಇಬ್ಬರಿಗೂ ಚೆನ್ನಾಗಿ ನೆನಪಿದೆ. ಆದರೂ ಪ್ರತಿ ಬೆಳಗ್ಗೆ ಪೂರಿಂಗ್ ಆಚಿಯ ಕಡೆಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಾಳೆಗಳ ಕಟ್ಟು ಓಣಿ ದಾಟುತ್ತಿತ್ತು. ನೀಡಾ ಆಚಿಯ ಕಡೆಯಿಂದ ಪಲ್ಯದ ಪಾತ್ರೆ ಈ ಕಡೆ ಬರುತ್ತಿತ್ತು. ಎರಡನ್ನೂ ಆ ಹೊತ್ತಿಗೆ ಯಾರು ಓಣಿಯ ಬೆಂಚಿನ ಮೇಲೆ ಕುಳಿತಿರುತ್ತಾರೋ ಅವರು ದಾಟಿಸಬೇಕು. ಚೀನೀ ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತನಾದ ಮೇಲೆ ಆ ಕೆಲಸ ಹೆಚ್ಚಾಗಿ ನನ್ನ ಪಾಲಿಗೆ ಬಂತು. ಮಾತು ದಾಟಿಸುವ ಕೆಲಸವೂ.

“ಮೇಷ್ಟ್ರೇ, ಎದುರಿನವಳಿಗೆ ಹೇಳಿ, ಹಾಳೆ ಇವತ್ತು ಕಂಬಳಿ ಥರ ಇದೆ ಅಂತ,” ಎನ್ನುತ್ತಿದ್ದರು ನೀಡಾ ಆಚಿ.

“ಮೇಷ್ಟ್ರೇ, ಅವರಿಗೆ ಹೇಳಿ, ಪಲ್ಯ ನೀರಲ್ಲಿ ನಡುಗ್ತಾ ಇದೆ, ಕಂಬಳೀನೇ ಬೇಕು ಅಂತ.”

ನಾನು ಏನನ್ನೂ ಹೇಳಬೇಕಾಗಿರಲಿಲ್ಲ. ಎಂಟು ಹೆಜ್ಜೆ ದೂರಕ್ಕೆ ಎಲ್ಲವೂ ಕೇಳಿಸುತ್ತದೆ. ಹೀಗೆ ಬೈದಾಡುತ್ತಲೇ ಇಬ್ಬರೂ ಒಂದೇ ಲುಂಪಿಯಾವನ್ನು ಎರಡು ಅಂಗಡಿಗಳಲ್ಲಿ ಮಾರುತ್ತಿದ್ದರು. ಊರಿನವರು ಸೋಮವಾರ ಅಲ್ಲಿ, ಮಂಗಳವಾರ ಇಲ್ಲಿ ತಿಂದು, ಯಾರದು ಮೇಲೆಂದು ಹೊಡೆದಾಡುವಷ್ಟು ವಾದಿಸಿ ಸುಖವಾಗಿದ್ದರು.

ಆಗ ಬಂದರು ತಮ್ಮ ಕಚೇರಿಯ ಪರಿಶೀಲಕಿ. ಒಳ್ಳೆಯ ಹುಡುಗಿ. ಬೆಳಗ್ಗೆ ಒಂಬತ್ತು ಗಂಟೆಯಿಂದ ಹತ್ತರೊಳಗೆ ಏಳು ಕಡೆ ತಿಂದು, ಎಂಟನೆಯದಕ್ಕೆ ನಮ್ಮ ಓಣಿಗೆ ಬರುವಾಗ ಪಾಪ, ಮುಖವೆಲ್ಲ ಬೆವರು. ಹಳಬರನ್ನು ಕೇಳಿ ಕೈಯಲ್ಲಿದ್ದ ಯಂತ್ರದಲ್ಲಿ ನಮೂನೆ ತುಂಬಬೇಕಿತ್ತಂತೆ, ಯಾರೋ ನನ್ನನ್ನು ತೋರಿಸಿದ್ದಾರೆ. ಆರು ಪ್ರಶ್ನೆಗಳವರೆಗೆ ನಾನು ಬಹಳ ಗಂಭೀರವಾಗಿ ಉತ್ತರಿಸಿದೆ. ಏಳನೆಯದು: ‘ಈ ತಿನಿಸಿನ ಮೂಲ ತಯಾರಕರ ಹೆಸರು.’

“ಎರಡು ಹೆಸರು ಬರ್ಕೊಳ್ಳಮ್ಮ,” ಎಂದೆ.

“ಸರ್, ಒಂದೇ ಹೆಸರಿಗೆ ಜಾಗ ಇರೋದು.”

“ಸ್ವಲ್ಪ ಸಣ್ಣಕ್ಷರದಲ್ಲಿ ಬರೆದ್ರೆ?”

“ಯಂತ್ರ ತಗೊಳಲ್ಲ ಸರ್.”

ಮಾನ್ಯರೇ, ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಗೊತ್ತಿಲ್ಲ ಎನ್ನಬಹುದಿತ್ತು. ಅತ್ತೆಯ ಹೆಸರು ಹೇಳಬಹುದಿತ್ತು. ಆದರೆ ಎಪ್ಪತ್ನಾಲ್ಕು ವರ್ಷದವನನ್ನು ಸರ್ಕಾರ ಒಂದು ಪ್ರಶ್ನೆ ಕೇಳುವುದೇ ಅಪರೂಪ, ಗೊತ್ತಿಲ್ಲ ಎನ್ನಲು ನಾಲಿಗೆ ಬರಲಿಲ್ಲ. ಹಿರಿಯವರೆಂದು ನೀಡಾ ಆಚಿಯ ಹೆಸರು ಹೇಳಿದೆ. ಆ ಬೆಳಗ್ಗೆ ಅವರು ನನ್ನ ಲುಂಪಿಯಾದ ಮೇಲೆ ಸಕ್ಕರೆ ಬೆರೆಸಿದ ಕಡಲೆಕಾಯಿ ಪುಡಿಯನ್ನು ಒಂದು ಚಮಚ ಹೆಚ್ಚಾಗಿ ಉದುರಿಸಿದ್ದರು ಎಂಬುದನ್ನೂ ಮುಚ್ಚಿಡುವುದಿಲ್ಲ.

ಚೀನೀ ಹೊಸವರ್ಷದ ಹಿಂದಿನ ಶುಕ್ರವಾರ ತಮ್ಮ ಇಬ್ಬರು ಸಿಬ್ಬಂದಿ ಬಂದು, ನೀಡಾ ಆಚಿಯ ಗೋಡೆಗೆ ತೂತು ಕೊರೆದು ಫಲಕ ಬಿಗಿದರು. ಸೊಂಟಕ್ಕೆ ಕೈಯಿಟ್ಟು ನಿಂತ ಪೂರಿಂಗ್ ಆಚಿ ಅದನ್ನು ಒಂದು ಸಲ ಓದಿದರು, ಇನ್ನೊಂದು ಸಲ ಓದಿದರು. ಬೈಗುಳ ಬರಲಿಲ್ಲ. ನಮಗೆಲ್ಲ ಆಗಲೇ ಹೆದರಿಕೆಯಾಯಿತು.

“‘ಮಾತ್ರ’ ಅಂತ ಹಾಕಿದಾರೆ,” ಎಂದರು ಮೆಲ್ಲಗೆ. “ಹಾಗಾದ್ರೆ ನಾನು ಮೂವತ್ತೊಂದು ವರ್ಷ ಏನು ಮಾರ್ತಿದ್ದೆ ಮೇಷ್ಟ್ರೇ?”

ಮರುದಿನ ಹಾಳೆಯ ಕಟ್ಟು ಓಣಿ ದಾಟಲಿಲ್ಲ. ಅದರ ಮರುದಿನ ಪಲ್ಯದ ಪಾತ್ರೆಯೂ ದಾಟಲಿಲ್ಲ.

ಆಮೇಲಿನದನ್ನು ತಾವು ನೋಡಿಲ್ಲ, ತಿಂದೂ ಇಲ್ಲ. ನೀಡಾ ಆಚಿ ಕಾರ್ಖಾನೆಯ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದರು. ಅದರಲ್ಲಿ ಸುತ್ತಿದ ಲುಂಪಿಯಾ ತಿನ್ನುವುದೂ ಒಂದೇ, ಒದ್ದೆ ಲಕೋಟೆ ತಿನ್ನುವುದೂ ಒಂದೇ. ಇತ್ತ ಪೂರಿಂಗ್ ಆಚಿ ಪಲ್ಯಕ್ಕೆ ಕೈ ಹಾಕಿದರು. ಅದರ ಉಪ್ಪಿನ ಬಗ್ಗೆ ಇಷ್ಟೇ ಹೇಳಬಲ್ಲೆ: ನಮ್ಮ ಓಣಿಯ ಅಕ್ಕಸಾಲಿಗ ಬೊನಿ ಯಾಪ್ ಒಂದು ತುತ್ತು ತಿಂದು, “ಮೇಷ್ಟ್ರೇ, ಇದನ್ನ ತಿನ್ನೋಕಿಂತ ಮನಿಲಾ ಕೊಲ್ಲಿಗೆ ಹೋಗಿ ಬಾಯಿ ತೆರೀಬಹುದು” ಎಂದ. ನಕ್ಷೆ ಹಿಡಿದವರು ಮಾತ್ರ ಫಲಕದ ಕೆಳಗೆ ಸಾಲು ನಿಂತು, ಫೋಟೋ ತೆಗೆದು, ಎರಡು ತುತ್ತು ತಿಂದು, ‘ಅಪ್ಪಟ ಹಳೆಯ ರುಚಿ’ ಎಂದು ಹೇಳಿ ಮಿಕ್ಕಿದ್ದನ್ನು ತಟ್ಟೆಯಲ್ಲಿ ಬಿಟ್ಟು ಹೋಗುತ್ತಿದ್ದರು. ತಮ್ಮ ಕಚೇರಿಯವರು ಎರಡು ಸಲ ತಪಾಸಣೆಗೆ ಬಂದು, ಎರಡು ಸಲವೂ ‘ಅತ್ಯುತ್ತಮ’ ಎಂದು ಷರಾ ಬರೆದರು.

ನಾನು ತಮ್ಮ ಕಚೇರಿಗೆ ಬಂದೆ. ಫಲಕ ತಿದ್ದಿಸಲು ನೊಂದವರೇ ಅರ್ಜಿ ಹಾಕಬೇಕೆಂದರು. ಪೂರಿಂಗ್ ಆಚಿಯನ್ನು ಕೇಳಿದರೆ, “ನೊಂದವಳು ಅಂತ ಬರ್ಕೊಡ್ಬೇಕಾ? ಎದುರಿನವರು ಓದಿ ಕುಣೀಲಿ ಅಂತಾನಾ?” ಎಂದರು. ಬರಿಗೈಲಿ ಮತ್ತೆ ತಮ್ಮ ಕಚೇರಿಗೆ ಬಂದೆ. ಕನ್ನಡಕದ ಗುಮಾಸ್ತರೊಬ್ಬರು ಕನಿಕರಪಟ್ಟು, ಒಂದು ತಿನಿಸಿಗೆ ಇಬ್ಬರು ಮೂಲದವರು ಇರಲು ನಿಯಮದಲ್ಲಿ ಅವಕಾಶವಿಲ್ಲ, ಬೇಕಾದರೆ ಎರಡನೆಯವರು ‘ಮೂಲಕ್ಕೆ ಸಮೀಪ’ ಎಂಬ ವರ್ಗದಲ್ಲಿ ಅರ್ಜಿ ಹಾಕಬಹುದು ಎಂದರು. ಸಮೀಪವೆಂದರೆ ಎಂಟು ಹೆಜ್ಜೆ ಎಂದು ನಾನು ಹೇಳಿದೆ. ಅವರು ಅದನ್ನು ಬರೆದುಕೊಂಡರು.

ಏಪ್ರಿಲ್ ಹದಿನೇಳು ಅತ್ತೆ ತೀರಿಕೊಂಡ ದಿನ. ಪ್ರತಿ ವರ್ಷ ಅಂದು ಚೀನೀ ಸ್ಮಶಾನಕ್ಕೆ ಆರು ಲುಂಪಿಯಾ ಹೋಗಬೇಕು. ನಾನು ಬೆಂಚಿನ ಮೇಲಿದ್ದೆ. ನೀಡಾ ಆಚಿ ಕಾರ್ಖಾನೆಯ ಹಾಳೆ ಹಾಸಿ ಸುತ್ತಲು ಕುಳಿತರು. ಮೊದಲನೆಯದು ಹರಿಯಿತು. ಎರಡನೆಯದು ಸುತ್ತಿ ಬಂತು, ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ, ಓಣಿಗಿಳಿದು ಎಂಟು ಹೆಜ್ಜೆ ನಡೆದರು. ಬೊನಿ ಯಾಪ್ ಒರೆಗಲ್ಲನ್ನು ಕೆಳಗಿಟ್ಟು ಹೊರಗೆ ಬಂದ.

“ಪೂರಿಂಗ್.”

ಪೂರಿಂಗ್ ಆಚಿ ತಲೆಯೆತ್ತಲಿಲ್ಲ. “ಮೇಷ್ಟ್ರೇ, ಫಲಕದವರು ಬಂದಿದಾರೆ, ಕುರ್ಚಿ ಹಾಕಿ.”

“ಮೇಷ್ಟ್ರನ್ನ ಬಿಡು. ನಿನ್ನ ಹತ್ರಾನೇ ಮಾತಾಡ್ತಿದೀನಿ. ಅತ್ತೆಗೆ ಆರು ಹಾಳೆ ಬೇಕು.”

“ಪ್ಲಾಸ್ಟಿಕ್ಕಲ್ಲಿ ಬರ್ತಾವಲ್ಲ.”

“ಅದನ್ನ ಇಟ್ರೆ ಅತ್ತೆ ಎದ್ದು ಬರ್ತಾರೆ.”

“ಬರ್ಲಿ. ಪಲ್ಯ ನಿಮಗೇ ಯಾಕೆ ಕಲಿಸಿದ್ರು ಅಂತ ನಂಗೂ ಕೇಳೋದಿದೆ.”

ನೀಡಾ ಆಚಿ ತಿರುಗಿ ತಮ್ಮ ಅಂಗಡಿಯ ಕಡೆ ನೋಡಿದರು. “ತಟ್ಟೇಲಿ ಬಿಟ್ಟು ಹೋಗ್ತಾರೆ ಕಣೇ,” ಎಂದರು. “ದಿನಾ ನಾನೇ ಬಳಿದು ಚೆಲ್ತೀನಿ. ಮೊದಲು ಒಬ್ರೂ ಬಿಡ್ತಿರ್ಲಿಲ್ಲ.”

ಪೂರಿಂಗ್ ಆಚಿ ಒಲೆ ಹಚ್ಚಿದರು. ಅಂಗೈಯಲ್ಲಿ ಜೋಲಾಡುವ ಹಿಟ್ಟಿನ ಮುದ್ದೆಯನ್ನು ಕಾದ ಕಾವಲಿಗೆ ಒಮ್ಮೆ ಒತ್ತಿ ಎತ್ತಿದರು. ಕಾವಲಿಯ ಮೇಲೆ ಹಾಳೆ ಉಳಿಯಿತು, ಬೆಳಕು ಹಾಯುವಷ್ಟು ತೆಳ್ಳಗೆ. ಅದನ್ನು ಬಿಡಿಸಿ ವಾರಗಿತ್ತಿಯ ಕೈಗೆ ಕೊಡುತ್ತ ಕೇಳಿದರು: “ಅಕ್ಕಾ, ನನ್ನ ಪಲ್ಯ ಒಂಚೂರು ನೋಡಿ. ಯಾರೂ ನಿಜ ಹೇಳಲ್ಲ. ಮೇಷ್ಟ್ರಂತೂ ತಿಂದು ಸುಮ್ನೆ ನೀರು ಕುಡೀತಾರೆ.”

ನೀಡಾ ಆಚಿ ಚಮಚದ ತುದಿಯಲ್ಲಿ ನೋಡಿದರು. ಕಣ್ಣಲ್ಲಿ ನೀರು ಬಂತು. ಉಪ್ಪಿಗೋ, ಅಕ್ಕಾ ಎಂದದ್ದಕ್ಕೋ ನಾನು ಹೇಳಲಾರೆ.

ಆಗಲೇ ನಾನು ಎದ್ದು ನಿಂತು, ಹೆಸರು ಕೊಟ್ಟವನು ನಾನೇ ಎಂದು ಒಪ್ಪಿಕೊಂಡೆ. ಮೂವತ್ತೊಂದು ವರ್ಷಗಳಲ್ಲಿ ಅವರಿಬ್ಬರೂ ಒಂದೇ ಮಾತನ್ನು ಒಟ್ಟಿಗೆ ಆಡಿದ್ದು ಅದೇ ಮೊದಲು. ಆ ಮಾತನ್ನು ಈ ಕಾಗದದಲ್ಲಿ ಬರೆಯಲಾರೆ.

ಮರುದಿನದಿಂದ ಹಾಳೆ ಆ ಕಡೆಗೆ, ಪಲ್ಯ ಈ ಕಡೆಗೆ. ಬೈಗುಳವೂ ಶುರುವಾಯಿತು, ಈಗ ನೇರವಾಗಿ. ಓಣಿಯ ಆರೋಗ್ಯ ಮರಳಿತೆಂದು ನಾವು ಉಸಿರು ಬಿಡುವಷ್ಟರಲ್ಲಿ ತಮ್ಮ ನೋಟಿಸು ಬಂತು. ‘ಮಾನ್ಯತೆ ಪಡೆದ ಮೂಲ ಲುಂಪಿಯಾದ ಹೊರಹಾಳೆಯು ಮಾನ್ಯತೆಯಿಲ್ಲದ ಅನ್ಯ ಮಳಿಗೆಯಲ್ಲಿ ತಯಾರಾಗುತ್ತಿರುವುದು ಕಂಡುಬಂದಿದ್ದು, ಹದಿನೈದು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ವ್ಯಾಪಾರದ ಪರವಾನಗಿಯನ್ನು ರದ್ದುಪಡಿಸಲಾಗುವುದು.’ ಕಾರ್ಖಾನೆಯ ಹಾಳೆ ಹತ್ತು ವಾರ ತಮಗೆ ಅನ್ಯವೆನಿಸಲಿಲ್ಲ. ಅತ್ತೆಯಿಂದ ಕಲಿತ ಸೊಸೆಯ ಹಾಳೆ ಎಂಟು ಹೆಜ್ಜೆ ದಾಟಿ ಬಂದರೆ ಅನ್ಯವೇ? ಹೆಂಗಸರಿಬ್ಬರೂ ನಗುತ್ತಾರೆ, ಆದರೆ ನೀಡಾ ಆಚಿ ಆ ಕಾಗದವನ್ನು ದಿನಕ್ಕೆ ಮೂರು ಸಲ ಬಿಡಿಸಿ ಓದುವುದನ್ನು ನಾನು ನೋಡಿದ್ದೇನೆ. ಆ ಅಂಗಡಿ ಹೋದರೆ ಎದುರಿನದಕ್ಕೆ ಪಲ್ಯವಿಲ್ಲ. ಒಂದನ್ನು ಮುಚ್ಚಿಸಿದರೆ ತಾವು ಎರಡನ್ನು ಮುಚ್ಚಿಸಿದಂತೆ.

ಸಮಜಾಯಿಷಿ ಬರೆಯಲು ನನ್ನನ್ನೇ ಕೂರಿಸಿದರು. ನನ್ನ ತಪ್ಪಿಗೆ ಶಿಕ್ಷೆ.

“ಬರೀರಿ, ಹಾಳೆ ಅವಳದು,” ಎಂದರು ನೀಡಾ ಆಚಿ.

“ಪಲ್ಯ ಅಕ್ಕಂದು. ಅದನ್ನೂ ಬರೀರಿ,” ಎಂದರು ಪೂರಿಂಗ್ ಆಚಿ.

“ಮೂಲ ಯಾರದು ಅಂತ ಕೇಳ್ತಾರಲ್ಲ?” ಎಂದೆ.

“ಅತ್ತೇದು,” ಎಂದರು ಇಬ್ಬರೂ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಹದಿನೈದರಲ್ಲಿ ಇನ್ನು ಆರು ದಿನ ಉಳಿದಿವೆ. ಅಷ್ಟರೊಳಗೆ ನೋಟಿಸನ್ನು ಹಿಂತೆಗೆದುಕೊಳ್ಳಿ. ಫಲಕವನ್ನು ತಮ್ಮ ಸಿಬ್ಬಂದಿಯೇ ಬಂದು ಬಿಚ್ಚಲಿ, ನಾವು ಬಿಚ್ಚಿದರೆ ಅದೂ ಅಪರಾಧವಂತೆ. ಮೂಲ ತಯಾರಕರಿಗೇ ಅದನ್ನು ಒಪ್ಪಿಸಬೇಕೆಂದು ನಿಯಮವಿದ್ದರೆ ವಿಳಾಸ ಕೊಡುತ್ತೇನೆ. ಆ ತಾಯಿ ಈಗ ಚೀನೀ ಸ್ಮಶಾನದಲ್ಲಿ, ಮನೆಯಂತೆ ಕಟ್ಟಿದ ಹಸಿರು ಹೆಂಚಿನ ಸಮಾಧಿಯಲ್ಲಿದ್ದಾರೆ. ಅಲ್ಲಿನ ಬೀದಿಗೆ ಹೆಸರಿದೆ, ಮನೆಗೆ ಸಂಖ್ಯೆಯಿದೆ, ಬಾಗಿಲಲ್ಲಿ ಅಂಚೆಪೆಟ್ಟಿಗೆಯೂ ಇದೆ. ಗೋಡೆಗೆ ತೂತು ಕೊರೆಯುವ ಮುನ್ನ ಮಾತ್ರ ಅವರನ್ನು ಒಂದು ಮಾತು ಕೇಳಿ. ಸೊಸೆಯರ ಹತ್ತಿರ ಬೈಸಿಕೊಂಡವನಾಗಿ ಹೇಳುತ್ತಿದ್ದೇನೆ, ಅವರಿಗೆ ಬೈಯಲು ಕಲಿಸಿದವರೂ ಅತ್ತೆಯೇ.

ಇಂತಿ,
ಎರಡೂ ಅಂಗಡಿಗಳಲ್ಲಿ ಕಡಲೆಕಾಯಿ ಪುಡಿ ಸದ್ಯಕ್ಕೆ ಬಂದಾಗಿರುವ,
ಫೌಸ್ಟಿನೋ ದೀ, ನಿವೃತ್ತ ಗಣಿತ ಮೇಷ್ಟ್ರು, ಬಿನೊಂಡೊ