ಒತ್ತಾಗಿ ನೆಟ್ಟ ಅರ್ಧ ಪಾತಿ

ಭಾನುವಾರ, ಸಂಜೆ

ಬೇಡವೆಂದರೂ ನೆನಪಾಗುವ ಗಂಡನಿಗೆ,

‘ನೀವು’ ಅನ್ನುತ್ತಿದ್ದವಳು ‘ನೀನು’ ಅಂತ ಬರೆಯುತ್ತಿದ್ದೇನೆ, ಸಹಿಸಿಕೊ. ಆ ಮರ್ಯಾದೆಯನ್ನು ನಿನ್ನ ಮನೆಯ ಗೂಟಕ್ಕೇ ತಗುಲಿಹಾಕಿ ಬಂದಿದ್ದೇನೆ.

ನಿನ್ನ ತಮ್ಮ ಬಂದಿದ್ದ. ‘ಅತ್ತಿಗೆ, ಕ್ಷಮಾಪಣೆಗೆ ಒಂದು ಸಹಿ ಹಾಕ್ಬಿಡಿ, ಸಾಹೇಬ್ರು ಕೆಲಸಕ್ಕೆ ವಾಪಸ್ ತಗೋತಾರಂತೆ. ಅಣ್ಣನೂ ಕಾಯ್ತಿದಾನೆ’ ಎಂದ. ಯಾವ ತಪ್ಪಿಗೆ ಕ್ಷಮೆ? ಗಿಡಕ್ಕೆ ಔಷಧಿ ಹೊಡೆದು ಹೆಂಗಸರ ಅಂಗೈ ಸುಲಿದುಹೋದಾಗ ಗ್ಲೌಸ್ ಕೊಡಿ ಎಂದು ಉದ್ಯಾನದ ಗೇಟಿನಲ್ಲಿ ಕೂತಿದ್ದಕ್ಕೆ? ಆ ದಿನ ನೀನು ನನ್ನ ಪಕ್ಕದಲ್ಲೇ ಹಾದು ಒಳಗೆ ಹೋದೆ, ತಲೆ ಎತ್ತದೆ. ಅದಕ್ಕೆ ಕ್ಷಮಾಪಣೆ ಯಾರು ಬರೆಯಬೇಕು? ಜೊತೆಗೆ ಕೂತವರೂ ಒಬ್ಬೊಬ್ಬರೇ ಸಹಿ ಹಾಕಿ ಒಳಗೆ ಹೋದರು. ಈಗ ಗೇಟಿನಲ್ಲಿ ನಾನೊಬ್ಬಳೇ.

ಇವತ್ತು ಟಿಕೆಟ್ ತೆಗೆದುಕೊಂಡು ಉದ್ಯಾನದೊಳಕ್ಕೆ ಹೋದೆ. ಹೂ ನೋಡಲಿಕ್ಕೆ, ಬೇರೇನಕ್ಕೂ ಅಲ್ಲ. ಹನ್ನೊಂದು ವರ್ಷ ಸಸಿ ನೆಟ್ಟವಳು ನಾನು. ಮೊಗ್ಗು ಬಣ್ಣ ಕಟ್ಟುವಷ್ಟರಲ್ಲಿ ನಮ್ಮನ್ನು ಗೋಡೆಯಾಚೆಯ ನರ್ಸರಿಗೆ ಅಟ್ಟುತ್ತಿದ್ದರು, ಮಣ್ಣು ಮೆತ್ತಿದ ಬಟ್ಟೆ ಜನರ ಕಣ್ಣಿಗೆ ಬೀಳಬಾರದೆಂದು. ಚೆಂಡುಹೂವಿನ ಹಳದಿ ಇಷ್ಟು ಉರಿಯುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನೇರಳೆ ಪೆಟೂನಿಯಾ ಎದುರಿನ ಬೆಂಚಿನಲ್ಲಿ ಕೂತೆ. ಒಬ್ಬಾಕೆ ಕೈಗೆ ಫೋನ್ ಕೊಟ್ಟು ‘ನಮ್ಮಿಬ್ರದು ಒಂದು ತೆಗೀರಮ್ಮ’ ಎಂದಳು. ತೆಗೆದೆ. ನಿಮ್ದೊಂದು ತೆಗೀಲಾ ಎಂದು ಯಾರೂ ಕೇಳಲಿಲ್ಲ.

ಆಮೇಲೆ ನಮ್ಮ ಕೆಂಪು ಸಾಲ್ವಿಯಾ ಪಾತಿ. ನೀನು ಆ ತುದಿಯಿಂದ, ನಾನು ಈ ತುದಿಯಿಂದ ಗೇಣಿಗೊಂದು ಸಸಿ ನೆಡುತ್ತ ನಡುವೆ ಸೇರುತ್ತಿದ್ದ ಪಾತಿ. ನಿನ್ನ ಗೇಣು ದೊಡ್ಡದು, ನಿನ್ನ ಅರ್ಧ ಸಡಿಲ. ನನ್ನದು ಗಿಡ್ಡ, ನನ್ನ ಅರ್ಧ ಒತ್ತು. ನಾನಿಲ್ಲದ ಈ ಸಲವೂ ನನ್ನ ಅರ್ಧ ಒತ್ತಾಗಿಯೇ ಇದೆ! ಬಗ್ಗಿ ಅಳೆದೆ. ಹೆಬ್ಬೆರಳಿಂದ ಕಿರುಬೆರಳಿಗೆ ಸರಿಯಾಗಿ ಕೂತಿತು. ನನ್ನ ಜಾಗಕ್ಕೆ ಇಷ್ಟು ಬೇಗ ಗಿಡ್ಡಗೈಯವಳೊಬ್ಬಳು ಸಿಕ್ಕಳೇನು? ಸಿಗಲಿ. ಅವಳಿಗಾದರೂ ಗ್ಲೌಸ್ ಕೊಡಿಸು. ನನಗೇನೂ ಹೊಟ್ಟೆಯುರಿಯಿಲ್ಲ.

ಸಹಿಯಿಲ್ಲದ ಆ ಕ್ಷಮಾಪಣೆ ಕಾಗದ ಇದರೊಳಗೇ ಇದೆ. ಸಾಹೇಬರಿಗೆ ತಲುಪಿಸು.

ಇನ್ನೂ ಗೇಟಿನ ಹೊರಗೇ ಕೂರುವ
ನಿನ್ನ ಹೆಂಡತಿ

ಸೋಮವಾರ ಸೇರಿಸಿದ್ದು: ಹೊಟ್ಟೆಯುರಿ ಇತ್ತು. ಅಂಚೆಗೆ ಹಾಕುವ ಮುಂಚೆ ಟಿಕೆಟ್ ಹರಿಯುವ ಅಕ್ಕನನ್ನು ಕೇಳಿಯೇಬಿಟ್ಟೆ. ‘ಯಾವಳೂ ಇಲ್ಲ ಕಣೆ, ಅವನೊಬ್ಬನೇ ನೆಟ್ಟಿದ್ದು. ಅರ್ಧ ಪಾತಿ ತನ್ನ ಕೈಯಲ್ಲಿ ಅಳೀತಾನೆ, ಇನ್ನರ್ಧ ಕಡ್ಡೀಲಿ. ಮೇಸ್ತ್ರಿ ಬೈದ್ರೂ ಬಿಡಲ್ಲ’ ಎಂದಳು. ನರ್ಸರಿಯ ಮೊಳೆಗೆ ನೀನು ತೂಗುಹಾಕಿದ್ದ ಕಡ್ಡಿಯನ್ನೇ ತಂದು ತೋರಿಸಿದಳು. ಅದರ ಮೇಲೆ ನನ್ನ ಗೇಣು ಚಾಚಿದೆ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ. ನನ್ನ ಕೈಯನ್ನು ಯಾವಾಗ ಅಳೆದೆ, ಕಳ್ಳ? ಸಹಿ ಈಗಲೂ ಹಾಕುವುದಿಲ್ಲ. ಗೇಟಿನಲ್ಲಿ ನನ್ನ ಪಕ್ಕದ ಜಾಗ ಖಾಲಿ ಇದೆ. ಬರುವುದಾದರೆ ಕಡ್ಡಿ ತರಬೇಡ. ಕೈ ಇಲ್ಲೇ ಇದೆ.