ರಾಕ್ಷಸನಿಗೆ ಕೊಡದ ಹೆಣ್ಣು

ಬೈಲಹೊಂಗಲ
೯ ಫೆಬ್ರುವರಿ ೧೯೭೬, ಸೋಮವಾರ

ತೀರ್ಥರೂಪ ಲಗಮಪ್ಪ ಕಾಕಾ ಅವರ ಪಾದಗಳಿಗೆ ಪದ್ಮವ್ವನ ನಮಸ್ಕಾರಗಳು.

ನಿಮ್ಮ ಎರಡೂ ಪತ್ರಗಳು ಕೈಸೇರಿವೆ. ದೀಪಾವಳಿಗೆ ಬಂದದ್ದಕ್ಕೆ ಸಂಕ್ರಾಂತಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡಿರಿ. ನಾಲ್ಕು ಸಲ ಬರೆಯಲು ಕುಳಿತೆ, ನಾಲ್ಕು ಸಲವೂ ಹರಿದುಹಾಕಿದೆ. ನಾನು ಆರಾಮ ಇದ್ದೇನೆ. ಹತ್ತಿ ಗಿರಣಿಯಲ್ಲಿ ಅರಳೆಯೊಳಗಿನ ಕಸ ಆರಿಸುವ ಕೆಲಸ. ಸಂಜೆಯಾಗುವಷ್ಟರಲ್ಲಿ ತಲೆಗೂದಲು, ಹುಬ್ಬು ಎಲ್ಲ ಬೆಳ್ಳಗಾಗಿರುತ್ತವೆ. ಜೊತೆಗಿರುವ ರಾಮವ್ವ, "ನೀ ಈಗಾ ಮುದುಕಿ ಆದಿ ನೋಡ" ಎಂದು ನಗುತ್ತಾಳೆ. ಒಂದೇ ಖೋಲಿಯಲ್ಲಿ ಇಬ್ಬರೂ ಇದ್ದೇವೆ. ರೊಟ್ಟಿ ಆಕೆ ಬಡಿಯುತ್ತಾಳೆ, ಪಲ್ಯ ನನ್ನದು. ಕಾಕೂನ ಮೊಣಕಾಲು ನೋವು ಹೇಗಿದೆ? ಬಿಸಿ ಎಣ್ಣೆ ತಿಕ್ಕಲು ಮಗಳು ತಂಗೆವ್ವನಿಗೆ ಹೇಳಿರಿ.

ಪದ್ಮಾ ಯಾಕೆ ತಿರುಗಿ ಬರಲಿಲ್ಲ ಎಂದು ಕಾಕೂ ದಿನಾ ಅಳುತ್ತಾಳೆಂದು ಬರೆದಿದ್ದೀರಿ. ಆಕೆಗೆ ಏನೂ ಗೊತ್ತಿಲ್ಲ. ಅದಕ್ಕೇ ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ. ನಿಮಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ. ಬೇಸರಪಡದೆ ಆಕೆಗೆ ಓದಿ ಹೇಳಿರಿ.

ರಾಯಪ್ಪ ಮುನವಳ್ಳಿಯ ಒಕ್ಕಲುತನದ ಮನೆಯವನು. ನಮ್ಮೂರು ತೊರಗಲ್ಲಿಗೆ ತನ್ನ ಅಕ್ಕನ ಮನೆಗೆಂದು ಬಂದಿದ್ದ. ಅವನ ಕೂಗು ಕೋಟೆಯ ಗೋಡೆಗೆ ಬಡಿದು ತಿರುಗಿ ಬಂದದ್ದನ್ನು ಕೇಳಿ ನೀವು, "ನನಗ ಧೂಮಾಸುರ ಸಿಕ್ಕ" ಎಂದು ಅವನಿಗೆ ಆಟದ ರಾಕ್ಷಸನ ಪಾತ್ರ ಕೊಟ್ಟಿರಿ. ಗಂಡಸರೇ ಸೀರೆ ಉಟ್ಟು ಕುಣಿಯುತ್ತಿದ್ದ ದೊಡ್ಡಾಟದಲ್ಲಿ ನನ್ನ ಕಾಲಿಗೆ ಗೆಜ್ಜೆ ಕಟ್ಟಿ, ಮಾಟಗಾತಿ ಮಾಯಾವತಿಯ ಪಾತ್ರ ಕೊಟ್ಟವರೂ ನೀವೇ. ಕಥೆಯಲ್ಲಿ ಮಾಟಗಾತಿಯರ ಕುಲಕ್ಕೂ ರಾಕ್ಷಸರ ಕುಲಕ್ಕೂ ಹೆಣ್ಣು ಕೊಟ್ಟು ತರುವುದಿಲ್ಲ. ಒಬ್ಬರನ್ನೊಬ್ಬರು ಮುಟ್ಟಿದರೆ ಆಕೆಯ ಮಂತ್ರ ಹೋಗುತ್ತದೆ, ಅವನ ಬಲ ಹೋಗುತ್ತದೆ. ಆದರೂ ಮುಟ್ಟುತ್ತಾರೆ. ಕೊನೆಗೆ ಎರಡೂ ಕುಲದವರು ಕೂಡಿ ಇಬ್ಬರನ್ನೂ ಸುಡುತ್ತಾರೆ. ರಾಮದುರ್ಗದಲ್ಲಿ ಒಬ್ಬ ಮುದುಕಿ ಎದ್ದು ನಿಂತು, "ಏ ಮಾಸ್ತರ, ಸುಡಬ್ಯಾಡೋ ಅವರ್ನ! ಅಕ್ಕಿಕಾಳ ಒಗದು ಮದಿವಿ ಮಾಡಿ ಬಿಡೋ!" ಎಂದು ಒದರಿದ್ದಳಲ್ಲ! ಅವತ್ತು ಕಾಕೂ ನಕ್ಕದ್ದು ಈಗಲೂ ಕಿವಿಯಲ್ಲಿದೆ.

ರಾಯಪ್ಪನ ತಾಯಿ ಬಾಯವ್ವನೂ ಮುನವಳ್ಳಿಯ ಆಟದಲ್ಲಿ ನನಗಾಗಿ ಬಿಕ್ಕಿ ಬಿಕ್ಕಿ ಅತ್ತಳು. ಮರುದಿನ ಬೆಳಿಗ್ಗೆ ಅವರ ಅಂಗಳದಲ್ಲಿ ನಿಂತು ನೀರಡಿಕೆಯಾಗಿದೆ ಎಂದೆ. ಬೊಗಸೆ ಒಡ್ಡಲು ಹೇಳಿ ಮೇಲಿನಿಂದ ಮಜ್ಜಿಗೆ ಸುರಿದಳು. ಮೊಣಕೈವರೆಗೂ ಸೋರಿತು. ರಾಯಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಸಂಜೆ ನನ್ನ ಹತ್ತಿರ ಬಂದು, "ಪದ್ಮಾ, ಇದನ್ನ ನಾ ಇನ್ನೊಮ್ಮೆ ನೋಡೂದಿಲ್ಲ. ನಾವಿಬ್ರೂ ಲಗ್ನ ಆಗೂಣು" ಎಂದ. ನನಗೆ ನಗು ಬಂತು. ಅವನು ನಗಲಿಲ್ಲ. ಒಂದು ವರ್ಷ ಅದೇ ಮಾತು ಹೇಳಿದ. ಕಡೆಗೆ ನಾನೂ ನಂಬಿದೆ.

ಬೆಳಗಾವಿಯಲ್ಲಿ ಅವನಿಗೆ ಗೊತ್ತಿದ್ದ ವಕೀಲರೊಬ್ಬರು ಲಗ್ನ ಮಾಡಿಸುವುದಾಗಿ ಒಪ್ಪಿದ್ದರು. ಮಂಗಳವಾರ ಬೆಳಿಗ್ಗೆ ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಸೇರುವುದೆಂದು ಮಾತಾಯಿತು. ಇದನ್ನು ನಾನು ನಿಮಗೊಬ್ಬರಿಗೇ ಹೇಳಿದೆ. ಅಂದು ಶುಕ್ರವಾರ. ಸೋಮವಾರ ಹೊರಡುವಾಗ ತಲೆಯ ಮೇಲೆ ಕೈಯಿಟ್ಟು, "ಹೋಗ್ ಮಗಾ, ಹಿಂದ ನಾ ಅದೀನಿ" ಎಂದಿರಿ. ಆಟಕ್ಕೆ ಬಟ್ಟೆ ತರಲು ಹೊರಟಿದ್ದಾಳೆಂದು ಕಾಕೂಗೆ ಹೇಳಿದಿರಿ. ಕಾಕೂ, ಆ ಸುಳ್ಳಿಗೆ ನನ್ನನ್ನೂ ಕ್ಷಮಿಸು.

ಮಂಗಳವಾರ ಬೆಳಿಗ್ಗೆ ಎಂಟು ಗಂಟೆಯಿಂದ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತೆ. ಬೆಳಗಾವಿಯ ಬಸ್ಸು ಮೂರು ಹೋದವು. ಆಮೇಲೆ ರಾಯಪ್ಪನ ಅಣ್ಣ ಶಂಕರೆಪ್ಪ ಬಂದ, ಬೆನ್ನಿಗೆ ಮೂವರು. ಹೊಡೆಯಲಿಲ್ಲ. ಹೊಡೆದಿದ್ದರೆ ಒಬ್ಬರಾದರೂ ನನ್ನ ಕಡೆ ಬರುತ್ತಿದ್ದರೇನೋ. ಕುಳಿತವರಿಗೆಲ್ಲ ಕೇಳಿಸುವಂತೆ, "ಆಟ ಮುಗೀತು, ಮಕಾ ತೊಳಕೋ. ರಾಯಪ್ಪಗ ಹೆಣ್ಣು ಗೊತ್ತಾಗೇತಿ" ಎಂದ. ಒಂದು ಚೀಟಿ ಕೊಟ್ಟ. "ನನ್ನನ್ನು ಮರೆತುಬಿಡು." ರಾಯಪ್ಪನದೇ ಅಕ್ಷರ.

ನೀವು ಹರಸಿ ಕಳಿಸಿದ್ದಿರಿ. ಯಾವ ಮುಖ ಇಟ್ಟುಕೊಂಡು ತಿರುಗಿ ಬರಲಿ? ಮುಂದಿನ ಬಸ್ಸು ಹತ್ತಿದೆ. ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ಏನೂ ಕೇಳದೆ, ಬೈಲಹೊಂಗಲ ಬಂದಾಗ ನನ್ನ ಗಂಟು ತಾನೇ ಎತ್ತಿಕೊಂಡು, "ಇಳಿ, ನನ್ನ ಕೂಡ ಬಾ" ಎಂದಳು. ಆಕೆಯೇ ರಾಮವ್ವ.

ಹೋದ ತಿಂಗಳು ರಾಯಪ್ಪ ಹತ್ತಿ ಗಾಡಿ ಹೊಡೆದುಕೊಂಡು ಗಿರಣಿಗೆ ಬಂದ. ನನ್ನನ್ನು ನೋಡಿ ಹಗ್ಗ ಕೈಬಿಟ್ಟ.

"ಆರಾಮ ಅದೀಯೇನು?" ಎಂದ.

"ಅದೀನಿ. ಲಗ್ನ ಆತ?"

"ಆತು. ಮನ್ಯಾಗ ಕೂಡಿ ಹಾಕಿದ್ರು, ಪದ್ಮಾ. ಚೀಟಿ ಬರಿ ಅಂದ್ರು, ಬರದೆ. ಅಂಜಿದೆ."

"ಸಾವಿರ ಮಂದಿ ಮುಂದ ಗದಾ ತಿರವತಿದ್ದಿ. ನಿಮ್ಮಣ್ಣಗ ಅಂಜಿದಿ?"

ಅವನು ಅತ್ತ. ನನಗೆ ಅಳು ಬರಲಿಲ್ಲ. ಅವನ ಗಾಡಿಯ ಹಿಂದಿನವರು ದಾರಿ ಬಿಡು ಎಂದು ಒದರುತ್ತಿದ್ದರು. "ಎತ್ತು ಹೊಡಿ, ಹೋಗು" ಎಂದೆ.

ಯುಗಾದಿಗೆ ರಾಮದುರ್ಗದವರು ಮಾಯಾವತಿಯ ಆಟವೇ ಬೇಕು, ಪದ್ಮವ್ವನೇ ಬೇಕು ಎನ್ನುತ್ತಿದ್ದಾರೆಂದು ಬರೆದಿದ್ದೀರಿ. ಕಾಕಾ, ನಾನು ಬರುವುದಿಲ್ಲ. ನಿಮ್ಮ ಮಗಳು ತಂಗೆವ್ವನಿಗೆ ಕಲಿಸಿರಿ. ಆಕೆಯ ದನಿ ನನ್ನದಕ್ಕಿಂತ ಚೆನ್ನ. ಮಾಯಾವತಿ ಬಳೆ ತೆಗೆಯುವ ಜಾಗದಲ್ಲಿ ಮಾತ್ರ ಅವಸರ ಮಾಡುತ್ತಾಳೆ. ತಾಳ ಎರಡು ಸುತ್ತು ಬರುವವರೆಗೆ ತಡೆಯಲು ಹೇಳಿರಿ. ಆಕೆಗೆ ನನ್ನ ಆಶೀರ್ವಾದ. ಮನಸ್ಸಿಗೆ ಬಂದ ಮನೆಯೇ ಆಕೆಗೆ ಸಿಗಲಿ. ಕಾಕೂನ ಕಾಲು ಗಟ್ಟಿಯಾಗಲಿ, ನಿಮ್ಮ ಮೇಳ ನಡೆಯಲಿ.

ಇಂತಿ,
ನಿಮ್ಮ ಮನೆಯಲ್ಲಿ ಬೆಳೆದ
ಪದ್ಮವ್ವ

ತಾ.ಕ.: ಇಲ್ಲಿಂದ ಮುಂದಿನದನ್ನು ಕಾಕೂಗೆ ಓದಬೇಡಿರಿ.

ಹೋಗುವ ಮೊದಲು ರಾಯಪ್ಪ ಕಿಸೆಯಿಂದ ಒಂದು ಕಾಗದ ತೆಗೆದು ಕೊಟ್ಟ. "ನಮ್ಮಪ್ಪನ ಟ್ರಂಕಿನ್ಯಾಗ ಇತ್ತು. ನೀ ಓದಬೇಕು" ಎಂದ. ಅವರಪ್ಪ ಮಾಳಪ್ಪನಿಗೆ ನೀವು ಬರೆದ ಪತ್ರ. ಮಂಗಳವಾರ, ಸವದತ್ತಿ ಸ್ಟ್ಯಾಂಡು, ಬೆಳಗಾವಿಯ ವಕೀಲರು, ಎಲ್ಲ ಬರೆದಿದ್ದೀರಿ. ತಾರೀಖು ಶನಿವಾರದ್ದು. ಸೋಮವಾರ ನನ್ನ ತಲೆಯ ಮೇಲೆ ಕೈಯಿಟ್ಟಿರಿ.

ಅದನ್ನೂ ನುಂಗಿಕೊಂಡೆ. ನಾವು ಹೋಗಿದ್ದರೆ ಅವರು ನಮ್ಮ ಕೇರಿಗೆ ನುಗ್ಗುತ್ತಿದ್ದರು, ಮೇಳ ಒಡೆಯುತ್ತಿತ್ತು. ನೀವು ಹೆದರಿದಿರಿ. "ಬ್ಯಾಡ ಮಗಾ" ಎಂದು ನನಗೇ ಹೇಳಿದ್ದರೆ ನಿಲ್ಲುತ್ತಿದ್ದೆ. ಆದರೆ ಕೊನೆಗೆ ಹೀಗೆ ಬರೆದಿದ್ದೀರಿ: "ಹುಡುಗಿಯ ಚಿಂತೆ ನಿಮಗೆ ಬೇಡ. ಆಟದ ಹೆಣ್ಣು, ನಾಲ್ಕು ದಿನ ಅತ್ತು ಮತ್ತೆ ಬಣ್ಣ ಹಚ್ಚುತ್ತಾಳೆ."

ನನಗೆ ಹದಿನಾಲ್ಕು ವರ್ಷವಿದ್ದಾಗ ಉಗರಗೋಳದಲ್ಲಿ ಒಬ್ಬ ನನ್ನನ್ನು ಇದೇ ಮಾತಿನಿಂದ ಕರೆದಿದ್ದ. ನೀವು ಆಟ ನಿಲ್ಲಿಸಿ ಕೆಳಗಿಳಿದು ಹೋಗಿ, "ಆಕಿ ನನ್ನ ಮಗಳು" ಎಂದು ಅವನ ಅಂಗಿ ಹಿಡಿದಿರಿ. ಅವತ್ತಿನಿಂದ ಯಾರು ಏನೆಂದರೂ ನಾನು ತಲೆ ತಗ್ಗಿಸಿರಲಿಲ್ಲ, ಕಾಕಾ.